ದಾರಿಬದಿಯ ಕಲ್ಲು

ಕನ್ನಡ ಮಾಸ್ತರನೆಂದರೆ ಊರಿನ ಬಿಟ್ಟಿ ಬರಹಗಾರ. ಲಗ್ನಪತ್ರಿಕೆ, ಗೃಹಪ್ರವೇಶದ ಕರೆಯೋಲೆ, ನಿವೃತ್ತರಾದವರಿಗೆ ಮಾನಪತ್ರ, ಪತ್ರಿಕೆಯಲ್ಲಿ ಹಾಕಿಸುವ ಪುಣ್ಯಸ್ಮರಣೆಯ ನಾಲ್ಕು ಸಾಲು ಎಲ್ಲವೂ ಅವನ ಮನೆಯನ್ನು ಹುಡುಕಿಕೊಂಡು ಬರುತ್ತವೆ. ಮೂವತ್ತೆರಡು ವರ್ಷ ಧಾರವಾಡದ ಕಾಲೇಜೊಂದರಲ್ಲಿ ಪಾಠ ಹೇಳಿದ ನಾನು ಇಂಥ ಬರವಣಿಗೆಯನ್ನು ಎಷ್ಟು ಮಾಡಿದ್ದೇನೋ ಲೆಕ್ಕವಿಟ್ಟಿಲ್ಲ. ಚಹಾ ಆರುವುದರೊಳಗೆ ಬರೆದುಕೊಟ್ಟು ಕಳಿಸಿದ್ದೇ ಹೆಚ್ಚು. ಒಂದಕ್ಕೆ ಮಾತ್ರ ಹತ್ತು ವರ್ಷಗಳಿಂದ ಯೋಚಿಸುತ್ತಿದ್ದೇನೆ, ಇನ್ನೂ ಬರೆದಿಲ್ಲ. ಅದು ಒಂದು ಕಲ್ಲಿನ ಮೇಲೆ ಕೆತ್ತಬೇಕಾದ ಎರಡು ಸಾಲು.

ನನ್ನ ಅಕ್ಕನ ಮಗ 2014ರ ಡಿಸೆಂಬರಿನಲ್ಲಿ ಬೈಪಾಸ್ ರಸ್ತೆಯಲ್ಲಿ ತೀರಿಕೊಂಡ. ಇಪ್ಪತ್ತೆರಡು ವರ್ಷದ ಹುಡುಗ. ಇಂಜಿನಿಯರಿಂಗ್ ಕೊನೆಯ ವರ್ಷ. ಹುಬ್ಬಳ್ಳಿ-ಧಾರವಾಡದವರಿಗೆ ಬೈಪಾಸ್ ಎಂದರೆ ಯಾವುದೆಂದು ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಪುಣೆಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿ ಧಾರವಾಡದ ನರೇಂದ್ರದ ಹತ್ತಿರ ಊರನ್ನು ಬಿಟ್ಟು ಹೊರಗೆ ಹಾಯ್ದು, ಹುಬ್ಬಳ್ಳಿಯ ಗಬ್ಬೂರಿನ ಹತ್ತಿರ ಮತ್ತೆ ಕೂಡಿಕೊಳ್ಳುತ್ತದೆ. ಸುಮಾರು ಮೂವತ್ತು ಕಿಲೋಮೀಟರು. ಅದರ ಆಚೆಗೂ ಈಚೆಗೂ ರಸ್ತೆ ಆಗ ನಾಲ್ಕು ಪಥದ್ದಾಗಿತ್ತು. ಈ ಮೂವತ್ತು ಕಿಲೋಮೀಟರು ಮಾತ್ರ ಬಹುಕಾಲ ಎರಡೇ ಪಥದ್ದಾಗಿ ಉಳಿಯಿತು. ಅಗಲವಾದ ದಾರಿಯಲ್ಲಿ ಓಡಿ ರೂಢಿಯಾಗಿ ಬಂದ ಗಾಡಿಗಳು ಒಮ್ಮೆಲೆ ಇಕ್ಕಟ್ಟಿನಲ್ಲಿ ಬೀಳುತ್ತಿದ್ದವು. ನಡುವೆ ಗೋಡೆಯಿಲ್ಲ, ಎದುರಿನವನಿಗೂ ನಮಗೂ ನಡುವೆ ಇದ್ದದ್ದು ಒಂದು ಬಿಳಿ ಗೆರೆ. ಅದಕ್ಕೂ ಟೋಲ್ ಕೊಡಬೇಕಿತ್ತು.

ಹುಡುಗ ಸಂಜೆ ಹುಬ್ಬಳ್ಳಿಗೆಂದು ಮೋಟಾರ್ ಸೈಕಲ್ ಮೇಲೆ ಹೊರಟವನು ಮುಂದಿದ್ದ ಲಾರಿಯನ್ನು ಹಿಂದೆ ಹಾಕಲು ಬಲಕ್ಕೆ ಬಂದ. ಎದುರಿನಿಂದ ಒಬ್ಬ ಗೌಂಡಿ, ದಿನದ ಕೆಲಸ ಮುಗಿಸಿಕೊಂಡು, ಹ್ಯಾಂಡಲಿಗೆ ಬುತ್ತಿಯ ಚೀಲ ತೂಗಹಾಕಿಕೊಂಡು, ಸೈಕಲ್ ತುಳಿಯುತ್ತ ತನ್ನ ಊರಿಗೆ ಬರುತ್ತಿದ್ದ. ರಸ್ತೆಯ ಅಂಚಿನಲ್ಲೇ ಇದ್ದ, ತನ್ನ ಪಾಲಿನ ಬದಿಯಲ್ಲೇ ಇದ್ದ. ಇಬ್ಬರೂ ಆಸ್ಪತ್ರೆ ಮುಟ್ಟಲಿಲ್ಲ.

ಇದನ್ನು ನಾನು ನೋಡಿದವನಲ್ಲ. ಪೊಲೀಸರ ಕಾಗದದಲ್ಲಿ ಓದಿದ್ದು. ನಮ್ಮ ಕಡೆಯ ಪೊಲೀಸ್ ಕನ್ನಡದಲ್ಲಿ ಇದಕ್ಕೆ ಸಿದ್ಧವಾದ ಒಂದು ವಾಕ್ಯವಿದೆ: ಅತೀ ವೇಗ ಮತ್ತು ನಿಷ್ಕಾಳಜಿತನದಿಂದ ನಡೆಸಿಕೊಂಡು ಬಂದು. ಹುಡುಗನ ಮೇಲೆ ಇಷ್ಟು ಬರೆದು, ಆರೋಪಿಯೇ ಸತ್ತಿದ್ದರಿಂದ ಪ್ರಕರಣ ಮುಗಿಸಿದರು. ಗೌಂಡಿಯ ಮನೆಯವರಿಗೆ ಹುಡುಗನ ಗಾಡಿಯ ವಿಮೆಯಿಂದ ಪರಿಹಾರ ಬಂತು. ಬರಬೇಕಾದ್ದೇ. ಆ ಕೇಸಿನ ಕಾಗದದಲ್ಲಿಯೂ ಅದೇ ವಾಕ್ಯ. ಹೀಗೆ ನನ್ನ ಅಳಿಯನ ಬಗ್ಗೆ ಲೋಕದಲ್ಲಿ ಎರಡು ಕಡೆ ಲಿಖಿತವಾಗಿ ಉಳಿದದ್ದು ಇದೊಂದೇ ಮಾತು. ಅಕ್ಕನಿಗೆ ಓದಲು ಬರುತ್ತದೆ.

ಮಣ್ಣು ಮಾಡಿದ ಮೇಲೆ ಆರೆಂಟು ತಿಂಗಳು ಅಕ್ಕ ಏನೂ ಕೇಳಲಿಲ್ಲ. ವರ್ಷ ತುಂಬುವುದಕ್ಕೆ ಸ್ವಲ್ಪ ಮೊದಲು ಒಂದು ದಿನ ನನ್ನನ್ನು ಕರೆದು, "ತಮ್ಮಾ, ಅಲ್ಲೊಂದು ಕಲ್ಲು ನಿಲ್ಲಸಬೇಕು. ಏನ ಬರೀಬೇಕು ನೀನ ಬರದು ಕೊಡು" ಎಂದಳು.

ಇಂಥ ಕಲ್ಲುಗಳನ್ನು ಆಕೆ ನೋಡಿದ್ದಳು. ನೀವೂ ನೋಡಿರುತ್ತೀರಿ. ದೊಡ್ಡ ರಸ್ತೆಯ ತಿರುವಿನಲ್ಲಿ, ಸೇತುವೆಯ ಕಟ್ಟೆಯ ಪಕ್ಕದಲ್ಲಿ, ಮೊಣಕಾಲೆತ್ತರದ ಒಂದು ಸಣ್ಣ ಕಟ್ಟೆ. ಅದರಲ್ಲಿ ಕೂರಿಸಿದ ಫೋಟೋ, ಜನನ, ಮರಣ, ಒಣಗಿದ ಒಂದು ಹಾರ. ಕಲ್ಲಿಗೆ ದುಡ್ಡಿಲ್ಲದವರು ಗಿಡಕ್ಕೆ ಫ್ಲೆಕ್ಸ್ ಕಟ್ಟುತ್ತಾರೆ. ಅದು ಒಂದು ಮಳೆಗಾಲದಲ್ಲಿ ಬಣ್ಣ ಬಿಟ್ಟು, ಸತ್ತವನ ಮುಖ ಬೆಳ್ಳಗಾಗಿ, ಭಾವಪೂರ್ಣ ಎಂಬ ಅಕ್ಷರ ಮಾತ್ರ ಉಳಿದಿರುತ್ತದೆ. ಬಸ್ಸಿನ ಕಿಟಕಿಯಿಂದ ಇವುಗಳನ್ನು ನೋಡುತ್ತ ನಾನು ಎಷ್ಟೋ ಸಲ ಒಳಗೊಳಗೆ ಸಿಡಿಮಿಡಿಗೊಂಡಿದ್ದೇನೆ. ದಾರಿ ಎಲ್ಲರದು, ನಿಮ್ಮ ದುಃಖವನ್ನು ನಮ್ಮ ಕಣ್ಣಿಗೆ ಯಾಕೆ ಕಟ್ಟುತ್ತೀರಿ ಎಂದು.

ಅಕ್ಕನ ಗಂಡ, ನಾನು ಮಾಮಾ ಎಂದು ಕರೆಯುವವರು, ಇದನ್ನೇ ಇನ್ನೂ ಗಟ್ಟಿಯಾಗಿ ಹೇಳಿದರು. ಅವರು ಶರಣರ ಮಾತನ್ನು ಬಾಯಿಪಾಠಕ್ಕಲ್ಲ, ಬಾಳುವೆಗೆ ಇಟ್ಟುಕೊಂಡವರು. ಇಷ್ಟಲಿಂಗ ಬಿಟ್ಟು ಇನ್ನೊಂದು ಕಲ್ಲಿಗೆ ಕೈ ಮುಗಿದದ್ದನ್ನು ನಾನು ಕಂಡಿಲ್ಲ. "ಕೈಯಾಗ ಲಿಂಗಾ ಕೊಟ್ಟು, ವಿಭೂತಿ ಹಚ್ಚಿ ಕೂಡಿಸಿ ಬಂದೇವಿ. ಅವನ ಜಾಗಾ ಊರಾಗೈತಿ. ಮತ್ತ ರಸ್ತಾದಾಗ ಯಾರನ್ನ ಹುಡುಕತೀರಿ?" ಎಂದು ಕೇಳಿದರು. ಬಸವಣ್ಣನವರು ಸ್ಥಾವರವನ್ನು ಬಿಟ್ಟು ಜಂಗಮವನ್ನು ಹಿಡಿದವರು. ರಸ್ತೆಗಿಂತ ದೊಡ್ಡ ಜಂಗಮ ಇನ್ನಾವುದು, ಅದರ ಬದಿಗೆ ಸ್ಥಾವರ ನಿಲ್ಲಿಸುವುದು ತಿಳಿಗೇಡಿತನ ಎಂಬುದು ಅವರ ವಾದ. ಕಡೆಗೆ ಸಣ್ಣ ದನಿಯಲ್ಲಿ ಇನ್ನೊಂದು ಮಾತು ಸೇರಿಸಿದರು: "ತಪ್ಪು ನಮ್ಮ ಹುಡುಗಂದು. ಕಲ್ಲಿಟ್ಟು ಮೆರಸೂದು ಏನೈತಿ?"

ಅಕ್ಕನ ಉತ್ತರ ವಾದವಲ್ಲ. "ಅಲ್ಲಿ ಏನೂ ಇಲ್ಲಂದ್ರ, ಗಾಡೀಲೆ ಹೋಗೋರು ಅವನ ಮ್ಯಾಲೇ ಹೋಗತಾರ."

ಈ ಮಾತಿಗೆ ನನ್ನಲ್ಲಿ ಜವಾಬಿರಲಿಲ್ಲ. ಜವಾಬು ಸಿಕ್ಕದಾಗ ಮಾಸ್ತರರು ಪುಸ್ತಕಕ್ಕೆ ಹೋಗುತ್ತಾರೆ. ನಾನು ವೀರಗಲ್ಲಿಗೆ ಹೋದೆ. ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನಾ ಸಂಸ್ಥೆ 1939ರಷ್ಟು ಹಳೆಯದು. ಅದರ ವಸ್ತುಸಂಗ್ರಹಾಲಯದಲ್ಲಿ ಸಾಲಾಗಿ ಇಟ್ಟ ಕಲ್ಲುಗಳನ್ನು ನಾನು ವಿದ್ಯಾರ್ಥಿಯಾಗಿದ್ದಾಗಿನಿಂದ ನೋಡಿದವನು. ಕೆಳಗಿನ ಅಂಕಣದಲ್ಲಿ ಕಾದಾಟ, ನಡುವೆ ಅಪ್ಸರೆಯರು ಸತ್ತವನನ್ನು ಮೇಲಕ್ಕೆ ಒಯ್ಯುವುದು, ಮೇಲೆ ಅವನು ಲಿಂಗದ ಮುಂದೆ ಕೂತಿರುವುದು. ಅರಸನಿಗಾಗಿ ಸತ್ತವರು ಮಾತ್ರವಲ್ಲ. ಊರ ದನ ಬಿಡಿಸಲು ಹೋಗಿ ಸತ್ತವರು, ಹೆಣ್ಣಿನ ಮಾನ ಕಾಯಲು ಹೋಗಿ ಸತ್ತವರು, ಗಡಿಯ ಜಗಳದಲ್ಲಿ ಸತ್ತವರು, ಹುಲಿಯ ಬಾಯಿಗೆ ಸಿಕ್ಕವರು ಎಲ್ಲರಿಗೂ ಕಲ್ಲುಂಟು. ನಮ್ಮ ನಾಡಿನಲ್ಲಿ ಊರ ಹೊರಗೆ ಎರಡು ಹರದಾರಿ ನಡೆದರೆ ಯಾವನೋ ಒಬ್ಬ ಸತ್ತವನ ಕಲ್ಲು ಎದುರಾಗುತ್ತದೆ. ಕಿಟಕಿಯಿಂದ ಫೋಟೋದ ಕಟ್ಟೆ ನೋಡಿ ಸಿಡಿಮಿಡಿಗೊಂಡ ನಾನು, ಅದೇ ಬಸ್ಸಿನಿಂದ ಇಳಿದು ವೀರಗಲ್ಲಿನ ಮುಂದೆ ಹುಡುಗರನ್ನು ನಿಲ್ಲಿಸಿ ಪಾಠ ಹೇಳಿದವನು. ಸಾವಿರ ವರ್ಷ ಹಳೆಯದಾದರೆ ಸಂಸ್ಕೃತಿ, ಮೊನ್ನೆಯದಾದರೆ ಅಡ್ಡಿ!

ಆದರೂ ಮಾಮಾ ಎತ್ತಿದ ತೊಡಕು ಉಳಿದೇ ಇತ್ತು. ವೀರಗಲ್ಲಿನವನು ಯಾವುದೋ ಒಂದಕ್ಕಾಗಿ ಸತ್ತವನು. ನಮ್ಮ ಹುಡುಗ ಯಾವುದಕ್ಕಾಗಿ? ಒಂದು ಲಾರಿಯನ್ನು ದಾಟುವುದಕ್ಕಾಗಿ. ತುರುಗೊಳ್ ಕಲ್ಲಿನ ಭಾಷೆಯಲ್ಲಿ ಹೇಳುವುದಾದರೆ ಅವನು ದನ ಬಿಡಿಸಿಕೊಂಡವನಲ್ಲ, ಹೊಡೆದುಕೊಂಡು ಹೋದವನು. ಅಂಥವರಿಗೂ ಕಲ್ಲು ನಿಲ್ಲಿಸುವವರಿದ್ದಾರೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 1824ರಲ್ಲಿ ಕಿತ್ತೂರಿನ ಮೇಲೆ ಹೋಗಿ ಹತನಾದ ಕಲೆಕ್ಟರ್ ಥ್ಯಾಕರೆಯ ಸಮಾಧಿ ನಮ್ಮ ಧಾರವಾಡದಲ್ಲೇ ಇದೆ. ನಾವು ಚೆನ್ನಮ್ಮನ ಮೂರ್ತಿಗೆ ಹಾರ ಹಾಕುತ್ತೇವೆ. ಅವನ ಸಮಾಧಿಯನ್ನೂ ಒಡೆಯದೆ ಬಿಟ್ಟಿದ್ದೇವೆ. ಅವನಿಗೂ ಒಬ್ಬಳು ತಾಯಿ ಇದ್ದಳಷ್ಟೆ.

ಆಗ ನನಗೆ ಆತಕೂರಿನ ಕಲ್ಲು ನೆನಪಾಯಿತು. ಮಂಡ್ಯ ಸೀಮೆಯ ಆ ಶಾಸನ ಕ್ರಿ.ಶ. 949-50ರದು. ಈಗ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ. ಗಂಗರ ಬೂತುಗನ ಆಳು ಮಣಲೆರ ಎಂಬವನಿಗೆ ರಾಷ್ಟ್ರಕೂಟ ಕೃಷ್ಣ ಮೆಚ್ಚಿ ಏನು ಬೇಕೆಂದಾಗ, ಕಾಳಿ ಎಂಬ ಬೇಟೆಯ ನಾಯಿಯನ್ನು ಕೇಳಿ ಪಡೆದನಂತೆ. ಆ ನಾಯಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಕಾದಾಡಿ ಎರಡೂ ಸತ್ತವು. ಕಲ್ಲು ನಾಯಿಯದು, ಆದರೆ ಕೆತ್ತಿದವನು ಹಂದಿಯನ್ನು ಬಿಡಲಿಲ್ಲ. ಎರಡನ್ನೂ ಎದುರುಬದುರಾಗಿ ಕೆತ್ತಿದ. ಎರಡೂ ಸತ್ತವು ಎಂಬ ಮಾತನ್ನೂ ಬರೆದ.

ನನಗೆ ದಾರಿ ಸಿಕ್ಕಿತೆನಿಸಿತು. ಕಲ್ಲಿನ ಮೇಲೆ ಇಬ್ಬರ ಹೆಸರೂ ಇರಲಿ. ಗೌಂಡಿಯ ಹೆಸರು ಮೊದಲು, ನಮ್ಮ ಹುಡುಗನದು ಆಮೇಲೆ. ತಪ್ಪು ಯಾರದೆಂದು ಬರೆಯುವುದು ಬೇಡ, ಹೆಸರಿನ ಕ್ರಮವೇ ಅದನ್ನು ಹೇಳಲಿ. ಈ ಉಪಾಯದ ಬಗ್ಗೆ ನನಗೆ ಒಳಗೆ ಹೆಮ್ಮೆಯೂ ಆಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಅಕ್ಕ ಒಪ್ಪಿದಳು. "ಅವರ ಮನೀಗೆ ಹೋಗಿ ಕೇಳಿ ಬಾ" ಎಂದಳು.

ಅದಕ್ಕೆ ಮೊದಲು ಸರಕಾರದ ಕಚೇರಿಯೊಂದಕ್ಕೆ ಹೋದೆ. ಅಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಧಿಕಾರಿ. ಅವನು ಕುರ್ಚಿ ಹಾಕಿಸಿ, ಬಾಗಿಲು ಮುಂದೆ ಮಾಡಿ ಹೇಳಿದ: 2009ರಲ್ಲಿ ಸುಪ್ರೀಂ ಕೋರ್ಟು ಸಾರ್ವಜನಿಕ ಜಾಗದಲ್ಲಿ ಹೊಸದಾಗಿ ಗುಡಿ, ಮಸೀದಿ, ಚರ್ಚು ಕಟ್ಟಬಾರದೆಂದು ಹೇಳಿದೆ, 2013ರ ಜನವರಿಯಲ್ಲಿ, ಕೇರಳದ ಒಂದು ಪ್ರತಿಮೆಯ ವಿಚಾರ ಬಂದಾಗ, ರಸ್ತೆಯ ಮೇಲೆ, ಕಾಲುದಾರಿಯ ಮೇಲೆ ಮೂರ್ತಿಯನ್ನಾಗಲಿ ಬೇರಾವ ಕಟ್ಟಡವನ್ನಾಗಲಿ ನಿಲ್ಲಿಸಲು ರಾಜ್ಯಗಳು ಅನುಮತಿ ಕೊಡಬಾರದೆಂದಿದೆ. "ಹಂಗಾಗಿ ನೀವು ಕೇಳಿಲ್ಲ, ನಾ ಹೇಳಿಲ್ಲ ಸರ್." ನಕ್ಕೆವು. ಎದ್ದು ಬರುವಾಗ ಅವನು ಇನ್ನೊಂದು ವಿಷಯ ಹೇಳಿದ. ರಸ್ತೆಯವರ ಲೆಕ್ಕದಲ್ಲಿ ಬ್ಲ್ಯಾಕ್ ಸ್ಪಾಟ್ ಎಂಬುದೊಂದಿದೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ಸುಮಾರು 500 ಮೀಟರಿನೊಳಗೆ, ಮೂರು ವರ್ಷದಲ್ಲಿ, ಸಾವು ಇಲ್ಲವೆ ಭಾರೀ ಗಾಯದ ಐದು ಅಪಘಾತವಾಗಬೇಕು, ಅಥವಾ ಒಟ್ಟು ಹತ್ತು ಜನ ಸಾಯಬೇಕು. ಆಗ ಆ ಜಾಗಕ್ಕೆ ಹೆಸರು ಬರುತ್ತದೆ, ದುರಸ್ತಿಯ ಪಟ್ಟಿಗೆ ಸೇರುತ್ತದೆ.

ಇಬ್ಬರು ಸತ್ತರೆ ಆ ಜಾಗ ಏನೂ ಅಲ್ಲ. ಇನ್ನೂ ಎಂಟು ಜನ ಬೇಕು. ಲೆಕ್ಕ ತಪ್ಪೆಂದು ನಾನು ಹೇಳಲಾರೆ. ದೇಶದಲ್ಲಿ 2022ನೆಯ ಒಂದೇ ವರ್ಷ ರಸ್ತೆಯ ಮೇಲೆ ಸತ್ತವರು 1,68,491 ಜನ ಎಂದು ಕೇಂದ್ರ ಸರಕಾರದ ವರದಿ ಹೇಳುತ್ತದೆ. ಇಷ್ಟು ದೊಡ್ಡ ಸಾವನ್ನು ಎಲ್ಲಿಂದಾದರೂ ಎಣಿಸಲು ತೊಡಗಬೇಕಲ್ಲ. ಆದರೆ ದಾರಿಬದಿಯ ಕಲ್ಲು ಬೇರೆ ತರಹದ ಎಣಿಕೆ ಎಂಬುದು ನನಗೆ ಆ ಕಚೇರಿಯ ಮೆಟ್ಟಿಲಿಳಿಯುವಾಗ ಹೊಳೆಯಿತು. ಅದಕ್ಕೆ ಒಂದರಿಂದ ಮುಂದೆ ಎಣಿಸಲು ಬರುವುದಿಲ್ಲ.

ಗೌಂಡಿಯ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬೈಪಾಸಿನಿಂದ ಒಂದು ಮೈಲಿ ಒಳಗೆ ಊರು. ಎರಡು ಖೋಲಿಯ ಮನೆ. ಗೋಡೆ ಒಂದು ಬದಿಗೆ ಗಿಲಾವು ಆಗಿ, ಇನ್ನೊಂದು ಬದಿಗೆ ಹಾಗೇ ಉಳಿದಿತ್ತು. ಊರವರ ಮನೆಗಳಿಗೆಲ್ಲ ಗಿಲಾವು ಮಾಡಿದವನ ಮನೆ. ನಾನು ಯಾರೆಂದು ಹೇಳಿದಾಗ ಆ ಹೆಣ್ಣುಮಗಳ ಮುಖದಲ್ಲಿ ಏನೂ ಬದಲಾಗಲಿಲ್ಲ. "ಕುಂಡ್ರಿ ಸರ" ಎಂದು ಚಾಪೆ ಹಾಸಿದಳು. ಬಾಗಿಲಲ್ಲಿ ಒಬ್ಬ ಹುಡುಗ, ಹತ್ತು ಹನ್ನೆರಡು ವರ್ಷದವನು, ನನ್ನ ಚಪ್ಪಲಿಯನ್ನೇ ನೋಡುತ್ತ ನಿಂತಿದ್ದ. ನಾನು ನಮ್ಮ ಆಲೋಚನೆಯನ್ನೆಲ್ಲ ವಿವರವಾಗಿ ಹೇಳಿದೆ. ಹೆಸರು ಮೊದಲು ಬರುವ ಸಂಗತಿಯನ್ನೂ ಹೇಳಿದೆ. ಆತಕೂರಿನ ಕಲ್ಲಿನ ಸಂಗತಿ ಮಾತ್ರ ಹೇಳಲಿಲ್ಲ. ನಾಯಿಯೂ ಹಂದಿಯೂ ಅಲ್ಲಿ ಹೇಗೆ ಕೇಳಿಸುತ್ತಿದ್ದವೆಂದು ಬಾಯಿಗೆ ಬರುವ ಮೊದಲೇ ತಿಳಿಯಿತು.

ಆಕೆ ಎಲ್ಲವನ್ನೂ ಕೇಳಿಸಿಕೊಂಡು ಹೇಳಿದಳು: "ನಾ ದಿನಾ ಅದ ದಾರೀಲೆ ಕೂಲಿಗೆ ಹೊಕ್ಕೇನ್ರಿ. ಮುಂಜಾನಿ ಒಮ್ಮಿ, ಸಂಜಿಕ ಒಮ್ಮಿ. ಮೊದಲ ಮೊದಲ ಅಲ್ಲಿ ಕಲಿ ಇತ್ತು. ಮಳಿ ಬಂತು, ಹೋತು. ಈಗ ಆ ಜಾಗಾ ಇದ ಹೌದೋ ಅಲ್ಲೋ ಅಂತ ಅನಸಾಕ ಹತ್ತೇತಿ. ನೀವು ಕಲ್ಲ ಇಟ್ರ ಅದು ಮಳೀಗೆ ಹೋಗಂಗಿಲ್ಲ."

ನಾನು ಸುಮ್ಮನೆ ಕೂತೆ. ಆಕೆ ಒಳಗೆ ಹೋಗಿ ಚಹಾ ತಂದು ಇಟ್ಟಳು. ಇಡುತ್ತ ಅಂದಳು: "ನಿಮ್ಮ ಹುಡುಗನ ಹೆಸರು ನೀವು ಹಾಕ್ಕೋರಿ. ನಾ ಯಾಕ ಬ್ಯಾಡ ಅನ್ನಲಿ. ನಮ್ಮ ಮನಿಯವರ ಹೆಸರು ಅವನ ಬಾಜೂಕ ಬ್ಯಾಡ."

ಚಹಾ ಕುಡಿದು ಬಂದೆ. ಆಕೆ ಎರಡು ಮಾತು ಹೇಳಿದ್ದಳು. ಒಂದು, ಕಲ್ಲೇ ಬೇಡವೆಂಬುದು. ಇನ್ನೊಂದು, ಹೆಸರು ಬೇಡವೆಂಬುದು. ನಾನು ಅಕ್ಕನ ಮನೆಗೆ ತಂದದ್ದು ಎರಡನೆಯದನ್ನು ಮಾತ್ರ. "ಹೆಸರು ಬ್ಯಾಡಂದ್ರು" ಎಂದೆ. ಸುಳ್ಳಲ್ಲ. ಅಕ್ಕ ಬಹಳ ಹೊತ್ತು ಕೂತು, "ಹಂಗಾರ ಇವನ ಹೆಸರೂ ಸದ್ಯ ಬ್ಯಾಡ ಬಿಡು. ಬರೇ ತಾರೀಕ ಹಾಕಸು" ಎಂದಳು. ನಾನು ಮೊದಲನೆಯ ಮಾತನ್ನೂ ತಂದು ಮುಂದಿಟ್ಟಿದ್ದರೆ ಅಕ್ಕ ಕಲ್ಲನ್ನೇ ಬಿಡುತ್ತಿದ್ದಳೆಂದು ಇಂದಿಗೂ ನಂಬಿದ್ದೇನೆ. ಅದಕ್ಕೇ ತರಲಿಲ್ಲವೇನೋ. ಮಗನನ್ನು ಕಳೆದುಕೊಂಡವಳಿಗೆ ಒಂದು ಕಲ್ಲೂ ಇಲ್ಲದಂತೆ ಮಾಡುವ ಧೈರ್ಯ ನನಗಿರಲಿಲ್ಲ. ಆ ಧೈರ್ಯದ ಬೆಲೆಯನ್ನು ದಿನಕ್ಕೆ ಎರಡು ಸಲ ಆ ದಾರಿಯಲ್ಲಿ ನಡೆಯುವ ಇನ್ನೊಬ್ಬಳ ಮೇಲೆ ಹೊರಿಸಿದೆ.

ಹೀಗೆ 2015ರ ಡಿಸೆಂಬರಿನಲ್ಲಿ, ಚರಂಡಿಯ ಆಚೆಗೆ, ಮೊಣಕಾಲೆತ್ತರದ ಒಂದು ಕಪ್ಪು ಕಲ್ಲು ನಿಂತಿತು. ಅದರ ಮೇಲೆ ಒಂದು ತಾರೀಕು, ಅಷ್ಟೇ. ಮಾಮಾ ಬರಲಿಲ್ಲ. ಪಕ್ಕದ ಹೊಲದ ಯಜಮಾನ ಸನಿಕೆ ಕೊಟ್ಟು, ತಾನೂ ಎರಡು ಬುಟ್ಟಿ ಮಣ್ಣು ಹಾಕಿದ.

ಆಮೇಲೆ ಆದದ್ದನ್ನು ನಾನು ಊಹಿಸಿರಲಿಲ್ಲ, ಊಹಿಸಬೇಕಿತ್ತು. ಹೆಸರಿಲ್ಲದ ಕಲ್ಲು ನಮ್ಮಲ್ಲಿ ಬಹಳ ದಿನ ಸುಮ್ಮನೆ ಇರುವುದಿಲ್ಲ. ಮೊದಲು ಯಾರೋ ಕುಂಕುಮ ಹಚ್ಚಿದರು. ಆಮೇಲೆ ಭಂಡಾರ ಬಂತು, ಲಿಂಬೆಹಣ್ಣು ಬಂತು. ಹೊಸ ಟ್ರ್ಯಾಕ್ಟರ್ ಕೊಂಡವನೊಬ್ಬ ಕಾಯಿ ಒಡೆದ. ಎರಡು ವರ್ಷದೊಳಗೆ ಸುಣ್ಣ ಹೊಡೆದು, ತಾರೀಕು ಮುಚ್ಚಿಹೋಗಿ, ಅದು ಕ್ರಾಸಿನ ಕಲ್ಲಪ್ಪನಾಗಿತ್ತು. ಲಾರಿಯವನೊಬ್ಬನನ್ನು ನಿಲ್ಲಿಸಿ ಇದು ಯಾವ ದೇವರೆಂದು ಕೇಳಿದೆ. "ಯಾವ ದೇವರೋ ಗೊತ್ತಿಲ್ರಿ, ಭಾಳ ಕಡಕ್ ಐತಂತ. ಇಲ್ಲಿ ಹಾರ್ನ್ ಹೊಡದು ಸ್ಪೀಡ್ ಕಡಿಮಿ ಮಾಡತೇವಿ" ಎಂದ. ವೇಗದಿಂದ ಸತ್ತ ಹುಡುಗ ವೇಗ ಇಳಿಸುವ ದೇವರಾಗಿ ನಿಂತಿದ್ದ. ಕಥೆಯಲ್ಲಿ ಬರೆದರೆ ನಂಬುವುದು ಕಷ್ಟ. ಮಾಮಾ ಇದನ್ನು ಕೇಳಿ ಬಹಳ ದಿನಗಳ ಮೇಲೆ ನಕ್ಕರು. ಅಕ್ಕ ಮೊದಲು ಸಿಟ್ಟಾದಳು. ನಂತರದ ವರ್ಷ ತಾನೂ ಒಂದು ಊದಿನಕಡ್ಡಿ ಹಚ್ಚಿ ಬಂದಳು.

ಹೊರಗಿನ ದೇಶಗಳಲ್ಲಿಯೂ ಈ ಜಗಳ ಇದೆ. ಸೈಕಲ್ ಸವಾರರು ಸತ್ತಲ್ಲಿ ಒಂದು ಹಳೆಯ ಸೈಕಲ್ಲಿಗೆ ಪೂರಾ ಬಿಳಿ ಬಣ್ಣ ಬಳಿದು ಕಟ್ಟಿಹಾಕುವ ಪದ್ಧತಿ 2003ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಶುರುವಾಗಿ ಎಷ್ಟೋ ದೇಶಗಳಿಗೆ ಹಬ್ಬಿತು. ನವೆಂಬರಿನ ಮೂರನೆಯ ಭಾನುವಾರವನ್ನು ರಸ್ತೆಯಲ್ಲಿ ಮಡಿದವರ ನೆನಪಿಗೆಂದು 2005ರಲ್ಲಿ ವಿಶ್ವಸಂಸ್ಥೆ ಒಪ್ಪಿಕೊಂಡಿತು. ನನಗೆ ಇಷ್ಟವಾದದ್ದು ಗ್ರೀಸಿನದು. ಅಲ್ಲಿ ದಾರಿಯ ತಿರುವುಗಳಲ್ಲಿ ಪುಟ್ಟ ಗುಡಿಯಂಥ ಪೆಟ್ಟಿಗೆಗಳಿರುತ್ತವೆ, ಒಳಗೆ ದೀಪ. ಕೆಲವು ಸತ್ತವರಿಗಾಗಿ, ಕೆಲವು ಅದೇ ಜಾಗದಲ್ಲಿ ಬದುಕಿ ಉಳಿದವರು ಹರಕೆಗೆ ಇಟ್ಟವು. ದಾರಿಯಲ್ಲಿ ಹೋಗುವವನಿಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ.

ನಮ್ಮ ಬೈಪಾಸಿಗೆ 2021ರ ಜನವರಿ 15 ಬಂತು. ಸಂಕ್ರಾಂತಿಯ ಮರುದಿನ. ದಾವಣಗೆರೆಯ ಗೆಳತಿಯರು, ಒಂದೇ ಶಾಲೆಯಲ್ಲಿ ಕಲಿತವರು, ಟೆಂಪೋ ಟ್ರಾವೆಲರಿನಲ್ಲಿ ಗೋವಾಕ್ಕೆ ಹೊರಟಿದ್ದರು. ಇಟಿಗಟ್ಟಿಯ ಹತ್ತಿರ ಟಿಪ್ಪರಿಗೆ ಮುಖಾಮುಖಿಯಾಗಿ ಹತ್ತಕ್ಕೂ ಹೆಚ್ಚು ಜನ ಹೋದರು. ಇಡೀ ನಾಡು ಮರುಗಿತು. ಕೆಲವೇ ವಾರಗಳಲ್ಲಿ ಆ ಮನೆಗಳವರು ಅದೇ ಜಾಗಕ್ಕೆ ಬಂದು ರಸ್ತೆಯ ಬದಿಗೆ ನಿಂತು, ಇದನ್ನು ಅಗಲ ಮಾಡಿ ಎಂದು ಕೇಳಿದರು. ಅವರು ಕಲ್ಲು ಕೇಳಲಿಲ್ಲ, ರಸ್ತೆ ಕೇಳಿದರು. ಸ್ಮಾರಕವೆಂದರೆ ಇದೇ ಸರಿಯಾದದ್ದು ಎಂದು ನನ್ನ ಗೆಳೆಯರೆಲ್ಲ ಹೇಳಿದರು. ನಾನೂ ಹೇಳಿದೆ. ಈಗಲೂ ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಪತ್ರಿಕೆಯಲ್ಲಿ ಆ ಚಿತ್ರಗಳನ್ನು ನೋಡುತ್ತ ಅಕ್ಕ ಕೇಳಿದ್ದು ಬೇರೆ: "ಇವರು ಹೋಗೂತನಕ ಅಲ್ಲಿ ಯಾರೂ ಸತ್ತಿದ್ದಿಲ್ಲೇನು?"

ಆರು ಪಥದ ಕೆಲಸ ಶುರುವಾಗಿ ಯಂತ್ರಗಳು ಬಂದಾಗ ಚರಂಡಿ, ಗಿಡ, ಫೋಟೋದ ಕಟ್ಟೆಗಳು ಎಲ್ಲವೂ ಹೋಗಬೇಕಾಯಿತು. ಅದರ ಸುಮಾರಿಗೇ, 2022ರ ಡಿಸೆಂಬರಿನಲ್ಲಿ, ಊರೊಳಗಿನ ರಸ್ತೆಯಲ್ಲಿ ಭೈರಿದೇವರಕೊಪ್ಪದ ದರ್ಗಾವನ್ನು ಬಿಆರ್‌ಟಿಎಸ್ ಸಲುವಾಗಿ ತೆರವು ಮಾಡಿದ್ದರು. ಅದಕ್ಕೂ ಮೊದಲು ಅದೇ ರಸ್ತೆಗೆ ಗುಡಿಗಳೂ ಹೋಗಿದ್ದವು, ಸಾಲುಮರಗಳಂತೂ ಹೇಳಲು ಉಳಿದಿರಲಿಲ್ಲ. ಜಂಗಮಕ್ಕೆ ಜಾಗ ಬೇಕೆಂದರೆ ಸ್ಥಾವರ ಸರಿಯಲೇಬೇಕು. ಮಾಮಾನ ಮಾತನ್ನು ಕೊನೆಗೆ ಸರಕಾರ ನಡೆಸಿಕೊಟ್ಟಿತು. ಅವರು ಮಾತ್ರ ಇದನ್ನು ನೋಡಲು ಉಳಿಯಲಿಲ್ಲ. ಕೊರೋನಾದ ಎರಡನೆಯ ಅಲೆಯಲ್ಲಿ ಹೋದರು. ಆಗ ಯಾರನ್ನೂ ಕೂಡಿಸಿ ಮಣ್ಣು ಮಾಡುವ ಸ್ಥಿತಿ ಇರಲಿಲ್ಲ. ಅವರಿಗೆ ಕಲ್ಲು ನಿಲ್ಲಿಸುವ ಮಾತನ್ನು ಅಕ್ಕ ಎತ್ತಲಿಲ್ಲ.

ನಮ್ಮ ಕಲ್ಲನ್ನು ಕೀಳಲು ಯಂತ್ರದ ಹುಡುಗ ಒಪ್ಪಲಿಲ್ಲವಂತೆ. ದೇವರು ಎಂದು ಅಂಜಿದ. ಹೊಲದ ಯಜಮಾನನೇ ಕಾಯಿ ಒಡೆದು, ಹಾರೆ ಹಾಕಿ ಎಬ್ಬಿಸಿ, ತನ್ನ ಹೊಲದ ಒಡ್ಡಿನ ಮೇಲೆ ಬೇವಿನ ಗಿಡದ ಬುಡಕ್ಕೆ ತಂದು ನಿಲ್ಲಿಸಿ ನಮಗೆ ಫೋನು ಮಾಡಿದ. ರಸ್ತೆಯಿಂದ ಅದು ಈಗ ಕಾಣುವುದಿಲ್ಲ. ಲಾರಿಯವರು ನಿಲ್ಲುವುದಿಲ್ಲ. ಎರಡು ಮಳೆಗಾಲದಲ್ಲಿ ಸುಣ್ಣ ತೊಳೆದುಹೋಗಿ ತಾರೀಕು ಮತ್ತೆ ತೋರುತ್ತಿದೆ.

ಹೋದ ಡಿಸೆಂಬರಿನಲ್ಲಿ ಅಕ್ಕನನ್ನು ಕರೆದುಕೊಂಡು ಹೋದೆ. ಮೊಣಕಾಲು ನೋವಿನಿಂದ ಆಕೆ ಒಡ್ಡು ಹತ್ತುವುದಕ್ಕೆ ಬಹಳ ಹೊತ್ತಾಯಿತು. ಕಲ್ಲಿನ ಮುಂದೆ ಕೂತು ಅಂಕಿಗಳ ಮೇಲೆ ಬೆರಳಾಡಿಸಿ, "ಇನ್ನ ಇದು ಯಾರ ದಾರಿಗೂ ಇಲ್ಲ ತಮ್ಮಾ. ಈಗ ಹೆಸರು ಹಾಕಸು. ನೀ ಹೇಳಿದ್ದಿಯಲ್ಲ, ಇಬ್ಬರದೂ. ಇನ್ನೊಮ್ಮೆ ಅವರನ್ನ ಕೇಳು" ಎಂದಳು. ಹತ್ತು ವರ್ಷದ ಹಿಂದೆ ಮನೆಗೆ ತರದೆ ಬಿಟ್ಟ ಮಾತನ್ನು ಅಲ್ಲಿಯೇ ಹೇಳಿಬಿಡಬೇಕೆಂದುಕೊಂಡೆ. ಹೇಳಲಿಲ್ಲ.

ಅಕ್ಕನನ್ನು ಕಾರಿನಲ್ಲಿ ಕೂರಿಸಿ ಬಂದು ಹೊಲದ ಯಜಮಾನನನ್ನು ವಿಚಾರಿಸಿದೆ. ಗೌಂಡಿಯ ಮನೆಯವರು ಈಗ ಎಲ್ಲಿದ್ದಾರೆ, ಆ ಹೆಣ್ಣುಮಗಳು ಇನ್ನೂ ಈ ದಾರಿಯಲ್ಲಿ ಕೂಲಿಗೆ ಹೋಗುತ್ತಾಳೆಯೇ ಎಂದು.

"ಎಲ್ಲಿ ದಾರಿರಿ, ಎಲ್ಲಾ ಕೆಡವ್ಯಾರ. ಮಗಾ ಹುಬ್ಬಳ್ಯಾಗ ಗ್ಯಾರೇಜಿನ್ಯಾಗ ಅದಾನ. ಆಕಿ ಈಗ ನಮ್ಮ ಹೊಲಕ್ಕ ಬರತಾಳ, ಕಳೇವು ತಗ್ಯಾಕ."

"ಈ ಹೊಲಕ್ಕ?"

"ಹೌದ್ರಿ. ಇದಕ್ಕ."

ಕಲ್ಲು ಯಾವುದೆಂದು ಆಕೆಗೆ ಗೊತ್ತಿದೆಯೇ ಎಂದು ಕೇಳಿದೆ. ಅವನು ಕೇಳಿಲ್ಲವಂತೆ, ಆಕೆಯೂ ಹೇಳಿಲ್ಲವಂತೆ. ಮಧ್ಯಾಹ್ನದ ಬುತ್ತಿ ಬಿಚ್ಚಲು ಎಲ್ಲಿ ಕೂರುತ್ತಾರೆಂದು ಕೇಳಿದೆ. ಅವನು ಬೇವಿನ ಗಿಡದ ಕಡೆಗೆ ಕೈ ಮಾಡಿದ.

"ನೆಳ್ಳು ಅದೊಂದ ಉಳದೈತಿ ನೋಡ್ರಿ" ಎಂದ.